ಹೆಂಗಸರ ವೇಳೆ: ಮೂರರಿಂದ ನಾಲ್ಕೂವರೆ

ಫೆಬ್ರುವರಿ 3, ಸೋಮವಾರ

ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಬಂದೆ. ಸ್ವೀಕೃತಿಗೆ ಸೀಲು ಹಾಕಲು ಪಟ್ಟಣ ಪಂಚಾಯಿತಿಯ ಗುಮಾಸ್ತ ಅರ್ಧ ಗಂಟೆ ಹಿಡಿದ. ಸೀಲು ಸಿಗುತ್ತಿಲ್ಲವಂತೆ. ಎಲ್ಲರ ಕಾಗದಕ್ಕೂ ಸಿಗುವ ಸೀಲು ನನ್ನ ಕಾಗದಕ್ಕೆ ಮಾತ್ರ ಯಾಕೆ ಸಿಗುವುದಿಲ್ಲ? ಚಿಕ್ಕೋಡಿಯ ಖಜಾನೆಯಲ್ಲಿ ಮೂವತ್ತೊಂದು ವರ್ಷ ಬಿಲ್ಲು ನೋಡಿದವಳು ನಾನು. ಕಾಣೆಯಾದ ಸೀಲು, ಕೆಟ್ಟ ಕಂಪ್ಯೂಟರು, ರಜೆಯ ಮೇಲಿರುವ ಸಾಹೇಬ, ಇವುಗಳ ಹಿಂದೆ ಏನಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಕೇಳಿರುವುದು ಇಷ್ಟೇ: ಊರ ಈಜುಕೊಳದ ಬಿಲ್ಲುಗಳು ಮತ್ತು ಹೆಂಗಸರ ಹಾಜರಿ ಪುಸ್ತಕದ ನಕಲು. ಸರ್ಕಾರದ ಅನುದಾನದ ಮೊದಲ ಕಂತಿನಲ್ಲಿ ಕೊಳ ಕಟ್ಟಿದ್ದಾರೆ. ಎರಡನೇ ಕಂತು ಮಾರ್ಚ್ ಮುಗಿಯುವುದರೊಳಗೆ ಬರಬೇಕು; ಇಲ್ಲದಿದ್ದರೆ ವಾಪಸು ಹೋಗುತ್ತದೆ. ಹೆಂಗಸರೂ ಕೊಳ ಬಳಸುತ್ತಿರಬೇಕು ಎಂಬುದು ಷರತ್ತು. ದಿನಾ ಇಪ್ಪತ್ಮೂರು ಹೆಂಗಸರು ಬರುತ್ತಾರೆಂದು ಕೊಳದ ಬೋರ್ಡಿನ ಮೇಲೆ ಬರೆದಿದ್ದಾರೆ. ನಮ್ಮೂರಿನಲ್ಲಿ! ದಿನಾ ಬೆಳಿಗ್ಗೆ ನಾನು ಅದೇ ದಾರಿಯಲ್ಲಿ ಬಸದಿಗೆ ಹೋಗಿ ಬರುತ್ತೇನೆ. ಒಬ್ಬಳಾದರೂ ಒಳಗೆ ಹೋದದ್ದನ್ನು ಕಂಡಿಲ್ಲ.

ಮಗ ಅಭಿನಂದನ ಊಟಕ್ಕೆ ಕೂತಾಗ ನಕ್ಕ. "ಆಯಿ, ರಿಟೈರ್ ಆದ್ರೂ ನಿನ್ನ ಕೈಯಾಗಿನ ಕೆಂಪು ಪೆನ್ನ ಬಿಡವಲ್ದು ನೋಡು." ಬೆಲ್ಲದ ಅಡತಿ ಅಂಗಡಿ ಇಟ್ಟುಕೊಂಡವನಿಗೆ ಎಲ್ಲರೂ ಒಳ್ಳೆಯವರೇ.

ಸೊಸೆ ಮೂರಕ್ಕೆ ಹೊಲಿಗೆ ಕ್ಲಾಸಿಗೆ ಹೋಗಿ ಐದಕ್ಕೆ ಬಂದಳು. ನವೆಂಬರಿನಿಂದ ಕಲಿಯುತ್ತಿದ್ದಾಳೆ. ಮನೆಗೆ ಇದುವರೆಗೆ ಒಂದು ದಿಂಬಿನ ಚೀಲವೂ ಬಂದಿಲ್ಲ.

ಫೆಬ್ರುವರಿ 14, ಶುಕ್ರವಾರ

ಕಾಗದಗಳು ಬಂದವು. ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು.

ನೀರು ಶುದ್ಧ ಮಾಡುವ ಪಂಪು ಎರಡು ಎಂದು ಬಿಲ್ಲಿನಲ್ಲಿದೆ. ಗುತ್ತಿಗೆದಾರ ಬಾಬಾಸಾಹೇಬನ ಸಹಿ. ಇದನ್ನು ಕಣ್ಣಾರೆ ನೋಡಬೇಕು.

ಹಾಜರಿ ಪುಸ್ತಕವಂತೂ ತಮಾಷೆ. ಇಪ್ಪತ್ಮೂರು ಹೆಸರೂ ಒಂದೇ ಕೈಬರಹದಲ್ಲಿವೆ. ಕೃಷ್ಣಾ, ವೇದಗಂಗಾ, ದೂಧಗಂಗಾ, ಘಟಪ್ರಭಾ, ಹಿರಣ್ಯಕೇಶಿ, ಮಲಪ್ರಭಾ... ಭೂಗೋಳದ ಪಾಠ ಓದಿದಂತಾಯಿತು. ಕಳ್ಳ ಹೆಸರು ಬರೆಯುವವರಿಗೆ ಸ್ವಲ್ಪ ಶ್ರದ್ಧೆಯಾದರೂ ಬೇಡವೇ? ಹಿರಣ್ಯಕೇಶಿ ಎಂಬ ಹೆಂಗಸನ್ನು ಈ ಊರಿನಲ್ಲಿ ಯಾರಾದರೂ ತೋರಿಸಲಿ.

ಪುಸ್ತಕ ಬರೆಯುವವಳು ಈಜು ಕಲಿಸುವ ಲಕ್ಷ್ಮಿಬಾಯಿ. ಅಂಕಲಿಯವಳು, ಕೃಷ್ಣೆಯಲ್ಲಿ ದೋಣಿ ನಡೆಸುತ್ತಿದ್ದ ಮನೆಯವಳಂತೆ. ಗೌರವಧನ ಎರಡನೇ ಕಂತಿನಿಂದ ಬರಬೇಕು. ಇನ್ನೇನು ಬೇಕು ತಿಳಿಯಲು?

ಫೆಬ್ರುವರಿ 17, ಸೋಮವಾರ

ಮಧ್ಯಾಹ್ನ ಮೂರೂವರೆಗೆ ಹೇಳದೆ ಕೇಳದೆ ಕೊಳಕ್ಕೆ ಹೋದೆ. ಹಿಂದಿನ ಗೇಟು ಶಾಲೆಯ ಮೈದಾನದ ಕಡೆಗಿದೆ. ಅದು ನನಗೆ ಗೊತ್ತಿರಲಿಲ್ಲ. ಸುತ್ತ ಹಸಿರು ಪರದೆ. ಒಳಗೆ ನೀರು ಬಡಿಯುವ ಸದ್ದು, ನಗು.

ಲಕ್ಷ್ಮಿಬಾಯಿ ಬಾಗಿಲಲ್ಲೇ ಅಡ್ಡ ನಿಂತಳು. ಐವತ್ತು ದಾಟಿದೆ, ಭುಜ ಗಂಡಸರ ಹಾಗೆ.

"ಹೆಂಗಸರ ವೇಳೆ ರೀ ಅಕ್ಕಾರ."

"ನಾನೂ ಹೆಂಗಸೇ. ನೋಡಾಕ ಬಂದೇನಿ."

"ನೋಡಾಕ ಬಿಡೂದಿಲ್ರಿ. ಇಳ್ಯಾಕ ಬಂದ್ರ ಬರ್ರಿ, ಹಾಕ್ಕೊಳ್ಳಾಕ ಅರಬಿ ನಾ ಕೊಡ್ತೇನಿ."

ನಾನು ದನಿ ಏರಿಸಿ, "ನಾ ಸುಗಂಧಾ, ಖಜಾನ್ಯಾಗ ಇದ್ದಾಕಿ. ಸರ್ಕಾರದ ರೊಕ್ಕದಾಗ ಕಟ್ಟಿದ್ದು ಇದು, ನೋಡೂ ಹಕ್ಕ ಐತಿ ನನಗ," ಎಂದೆ. ಒಳಗಿನ ನಗು ಚಾಕುವಿನಿಂದ ಕತ್ತರಿಸಿದಂತೆ ನಿಂತುಹೋಯಿತು. ನನ್ನ ಹೆಸರು ಕೇಳಿ ಯಾಕೆ ಹೆದರಬೇಕು? ನಾಲ್ಕು ಹುಡುಗಿಯರನ್ನು ಕರೆತಂದು ಗದ್ದಲ ಮಾಡಿಸಿ ಲೆಕ್ಕ ತೋರಿಸುವ ಆಟ ಇದ್ದರೂ ಇರಬಹುದು.

ಪಂಪಿನ ಕೋಣೆಯನ್ನು ತಡೆಯಲು ಅವಳಿಗೆ ಆಗಲಿಲ್ಲ. ಪಂಪು ಕೂರಿಸುವ ಕಟ್ಟೆ ಎರಡು, ಪಂಪು ಒಂದು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ಸೊಸೆ ಇಂದು ಐದೂಮುಕ್ಕಾಲಿಗೆ ಬಂದಳು. ಜಡೆಯ ತುದಿ ಒದ್ದೆ. ಕೇಳಿದರೆ, ಕ್ಲಾಸಿನಲ್ಲಿ ಸೆಕೆ, ಮುಖ ತೊಳೆದೆ ಎಂದಳು. ಮುಖ ತೊಳೆದರೆ ಜಡೆಯ ತುದಿ ಹೇಗೆ ನೆನೆಯುತ್ತದೆ?

ಫೆಬ್ರುವರಿ 18, ಮಂಗಳವಾರ

ಬೆಳಗಾವಿಯ ಮೇಲಧಿಕಾರಿಗಳಿಗೆ ದೂರು ಕಳಿಸಿದೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಅಂಶ ಒಂದು: ಪಂಪು. ಅಂಶ ಎರಡು: ಹೆಂಗಸರು ಬರುವುದೇ ಇಲ್ಲ, ಹೆಸರುಗಳು ಸುಳ್ಳು. ತನಿಖೆ ಮುಗಿಯುವವರೆಗೆ ಎರಡನೇ ಕಂತು ಕೊಡಬಾರದು.

ಬಹಳ ದಿನಗಳ ಮೇಲೆ ಚೆನ್ನಾಗಿ ಹಸಿವಾಯಿತು.

ಫೆಬ್ರುವರಿ 25, ಮಂಗಳವಾರ

ಬರೆಯಬೇಕೋ ಬೇಡವೋ ಎಂದು ಇಡೀ ದಿನ ಯೋಚಿಸಿದೆ.

ಒಂದು ವಾರದಿಂದ ಸೊಸೆಯ ಕಣ್ಣು ಕೆಂಪಗಿರುತ್ತದೆ. ಮೈಗೆ ಬ್ಲೀಚಿಂಗ್ ಪೌಡರಿನ ವಾಸನೆ. ಬಚ್ಚಲು ತೊಳೆದಳೇನೋ ಎಂದು ನೋಡಿದರೆ ಬಚ್ಚಲು ಪಾಚಿಗಟ್ಟಿ ಹಾಗೇ ಇದೆ. ಅತ್ತಿರಬೇಕು. ಅಭಿನಂದನನ ಜೊತೆ ಜಗಳವೇ? ಅವನು ಜಗಳ ಆಡುವವನಲ್ಲ.

ಹೊಲಿಗೆ ಕಲಿಸುವ ದೀಪಾಲಿಯನ್ನು ಇಂದು ಪೇಟೆಯಲ್ಲಿ ಹಿಡಿದು ಕೇಳಿದೆ.

"ನಿಮ್ಮ ಸೊಸೀನ್ರಿ? ಒಂದ ವಾರ ಬಂದಿದ್ರು ನೋಡ್ರಿ, ದೀಪಾವಳಿ ಮುಗದ ಮ್ಯಾಲ. ಆಮ್ಯಾಲ ಬಂದ ಇಲ್ಲ. ಆರಾಮ ಅದಾರಿಲ್ರಿ?"

ಆರಾಮ ಇದ್ದಾಳೆ ಎಂದೆ. ಮೂರು ತಿಂಗಳು! ದಿನಾ ಮೂರರಿಂದ ಐದು. ಕೈಯಲ್ಲಿ ಹೊಲಿಗೆಯ ಚೀಲ. ನಾನು ಅಭಿನಂದನನಿಗೆ ಹೇಳಲಿಲ್ಲ. ಆರು ವರ್ಷದ ಮಗಳಿದ್ದಾಳೆ ಅವಳಿಗೆ. ಮನಸ್ಸಿಗೆ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಫೆಬ್ರುವರಿ 28, ಶುಕ್ರವಾರ

ಹಿಂಬಾಲಿಸಿದೆ. ನಾಚಿಕೆಯಾಯಿತು, ಆದರೂ ಹೋದೆ. ಶಾಲೆಯ ಮೈದಾನದವರೆಗೆ ಕಂಡಳು. ಅಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಟ್ರಾಲಿ ದಾಟಿಹೋಗುವಷ್ಟರಲ್ಲಿ ಅವಳಿಲ್ಲ. ಮೈದಾನದ ಆಚೆ ಕೊಳದ ಗೋಡೆಯೊಂದು ಬಿಟ್ಟರೆ ಏನೂ ಇಲ್ಲ. ಯಾರದೋ ಗಾಡಿ ಹತ್ತಿರಬೇಕು.

ಮಾರ್ಚ್ 6, ಗುರುವಾರ

ಬೆಳಗಾವಿಯಿಂದ ಪತ್ರ. ಎರಡನೇ ಕಂತು ತಡೆದಿದ್ದಾರೆ. ಇಪ್ಪತ್ತನೇ ತಾರೀಕು ವಿರುಪಾಕ್ಷಪ್ಪ ಎಂಬ ಅಧಿಕಾರಿ ತನಿಖೆಗೆ ಬರುತ್ತಾರೆ. ಇದ್ದ ಒಂದು ಪಂಪೂ ಕೆಟ್ಟಿತ್ತಂತೆ, ರಿಪೇರಿಗೆ ದುಡ್ಡಿಲ್ಲವೆಂದು ಕೊಳಕ್ಕೆ ಬೀಗ ಹಾಕಿದ್ದಾರೆ.

ಗೆದ್ದೆ.

ಮಾರ್ಚ್ 8, ಶನಿವಾರ

ಲಕ್ಷ್ಮಿಬಾಯಿ ಮನೆಗೇ ಬಂದಳು. ಇಂಥವರು ಮನೆಗೆ ಬಂದರೆ ಅಳುತ್ತಾರೆ, ಇಲ್ಲವೇ ಏನಾದರೂ ಕೊಡಲು ಬರುತ್ತಾರೆ. ಇವಳು ಎರಡೂ ಮಾಡಲಿಲ್ಲ.

"ಪಂಪ ತಿಂದಾವನ್ನ ಹಿಡೀರಿ ಅಕ್ಕಾರ, ನಾ ಬ್ಯಾಡ ಅನ್ನೂದಿಲ್ಲ. ಹೆಂಗಸರ ಹೆಸರ ಕೆದಕಬ್ಯಾಡ್ರಿ."

"ಹೆಸರ ಇಲ್ಲದಾವ್ರಿಗೆ ಸರ್ಕಾರ ಯಾಕ ರೊಕ್ಕ ಕೊಡಬೇಕವಾ?"

"ಹೆಸರ ಅದಾವ್ರಿ. ಬರದ್ರ ನಾಳಿಂದ ಒಬ್ಬಾಕಿನೂ ಬರೂದಿಲ್ಲ. ಗಂಡ ಬಿಡೂದಿಲ್ಲ, ಅತ್ತಿ ಬಿಡೂದಿಲ್ಲ. ಅದಕ್ಕ ಹೊಳಿ ಹೆಸರ ಹಾಕೇನಿ. ಎಲ್ಲಿ ಹೊಂಟಿ ಅಂತ ಹೊಳಿನ್ನ ಯಾರೂ ಕೇಳೂದಿಲ್ಲಲ್ರಿ."

ಸೊಸೆ ಚಹಾ ತಂದಳು. ಕಪ್ಪಿಗಿಂತ ಬಸಿಯಲ್ಲೇ ಹೆಚ್ಚು ಚೆಲ್ಲಿತ್ತು. ಲಕ್ಷ್ಮಿಬಾಯಿ ಅವಳ ಮುಖ ನೋಡಲೇ ಇಲ್ಲ. ಮನೆಗೆ ಬಂದವರು ಮನೆಯ ಸೊಸೆಯನ್ನು ಒಮ್ಮೆಯಾದರೂ ನೋಡುತ್ತಾರೆ. ಇದು ಯಾವ ರೀತಿ? ಸೊಕ್ಕು.

ಕಟ್ಟುಕತೆಯನ್ನು ಚೆನ್ನಾಗಿ ಹೇಳಿದಳು. ನಾನು ಒಂದಕ್ಷರವನ್ನೂ ನಂಬಲಿಲ್ಲ.

ಮಾರ್ಚ್ 12, ಬುಧವಾರ

ಸೊಸೆ ಆರು ದಿನಗಳಿಂದ ಹೊರಗೆ ಹೋಗಿಲ್ಲ.

"ಹೊಲಿಗಿ ಕ್ಲಾಸ ಮುಗೀತೇನು?"

"ಮುಗೀತ್ರಿ ಅತ್ತಿ."

ಸಂತೋಷಪಡಬೇಕು. ಆದರೆ ಮೂರು ಗಂಟೆಯಾಯಿತೆಂದರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಇವತ್ತು ರೊಟ್ಟಿ ಕರಕಾಯಿತು. ಮೊಮ್ಮಗಳು ತೃಪ್ತಿ, "ಮಮ್ಮಿ, ರಜೆಗೆ ಕಾಗವಾಡದ ಅಜ್ಜನ ತ್ವಾಟಕ್ಕ ಹೋಗೂಣಲ್ಲ?" ಎಂದು ಕೇಳಿದ್ದಕ್ಕೆ ಸಿಡುಕಿದಳು. ಯಾವತ್ತೂ ಸಿಡುಕುವವಳಲ್ಲ.

ಮಾರ್ಚ್ 15, ಶನಿವಾರ

ಅವಳು ಸ್ನಾನಕ್ಕೆ ಹೋದಾಗ ಹೊಲಿಗೆಯ ಚೀಲ ಬಿಚ್ಚಿ ನೋಡಿದೆ. ಕತ್ತರಿ ಇಲ್ಲ, ದಾರ ಇಲ್ಲ. ಉದ್ದ ತೋಳಿನ ಒಂದು ಕಪ್ಪು ಅಂಗಿ, ಅದಕ್ಕೇ ಹೊಲಿದ ಚಲ್ಲಣ, ಒಂದು ರಬ್ಬರಿನ ಟೋಪಿ. ಅದೇ ಬ್ಲೀಚಿಂಗ್ ಪೌಡರಿನ ವಾಸನೆ.

ಬಟ್ಟೆ ನನ್ನ ಕೈಯಲ್ಲಿರುವಾಗಲೇ ಬಂದಳು.

"ಇದೇನಿದು?"

"ಈಜಾಡೂ ಅರಬಿ ರೀ." ಓಡಿಹೋಗಲಿಲ್ಲ. ಬಾಗಿಲಲ್ಲೇ ನೆಲಕ್ಕೆ ಕೂತಳು. "ವೇದಗಂಗಾ ಅಂದ್ರ ನಾನ ರೀ ಅತ್ತಿ."

ಅವಳೇ ಹೇಳಿದಳು. ಅವಳ ತಮ್ಮ ನಿತಿನ ತೀರಿಕೊಂಡದ್ದು ನಮಗೆಲ್ಲ ಗೊತ್ತೇ ಇತ್ತು, ಹೋದ ವರ್ಷ ಮಹಾವೀರ ಜಯಂತಿಯ ಮಾರನೇ ದಿನ. ದ್ರಾಕ್ಷಿ ತೋಟಕ್ಕೆಂದು ತೋಡಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಜಾರಿ ಬಿದ್ದ. ಹತ್ತೊಂಬತ್ತು ವರ್ಷ. ನಾನು ಅಂತ್ಯಕ್ರಿಯೆಗೆ ಹೋಗಿ ಬಂದಿದ್ದೆ. ಅವನು ಬಿದ್ದಾಗ ಇವಳು ದಂಡೆಯ ಮೇಲಿದ್ದಳು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

"ಬುತ್ತಿ ತಗೊಂಡ ಹೋಗಿದ್ದೆ ರೀ. ಪೈಪ ಬಿಡಸಾಕ ಇಳದಾಂವ ಜಾರಿದ. ಆ ಪ್ಲಾಸ್ಟಿಕ ಮ್ಯಾಲ ಪಾಚಿ, ಬೆಣ್ಣಿ ಸವರಿದಾಂಗ. ಎಷ್ಟ ಸಲ ಹತ್ತಿದ್ರೂ ಮತ್ತ ಜಾರತಿದ್ದ. ನಾ ಸೀರಿ ಬಿಚ್ಚಿ ಒಗದೆ. ಸಿಕ್ಕಿತ್ರಿ ಅವಂಗ. ಹಿಡದಿದ್ದ. ಜಗ್ಗಿದ್ರ ನಾನೂ ಜಾರಾಕತ್ತೆ." ತನ್ನ ಅಂಗೈ ನೋಡಿಕೊಂಡಳು. "ಕೈ ಬಿಟ್ಟೆ ರೀ ಅತ್ತಿ. ಯಾರಿಗೂ ಹೇಳಿಲ್ಲ. ನಿಮ್ಮ ಮಗಗೂ ಹೇಳಿಲ್ಲ. ಈಜ ಬರತಿತ್ತಂದ್ರ ಬಿಡತಿದ್ದಿಲ್ಲ."

"ನನಗರ ಹೇಳಬೇಕಿಲ್ಲ? ಈಜಾಕ ಹೊಂಟೇನಿ ಅಂತ?"

"ಕೊಳದ ಉದ್ಘಾಟನಿ ದಿನ ನೀವ ಅಂದಿದ್ರಿ. ಮರ್ಯಾದಿ ಇದ್ದ ಮನಿ ಹೆಂಗಸು ಆ ನೀರಾಗ ಕಾಲ ಇಡೂದಿಲ್ಲ ಅಂತ."

ನಾನು ಅಂದಿಲ್ಲ ಎಂದೆ. ಆಮೇಲೆ ಹಳೆಯ ಡೈರಿ ತೆಗೆದು ನೋಡಿದೆ. ಅಕ್ಟೋಬರ್ 24. ಇದೆ. ನನ್ನದೇ ಅಕ್ಷರ. "ಬಟ್ಟೆಯಲ್ಲಿ ಗಾಳಿಸದ ನೀರು, ಹತ್ತು ಜನ ಮಿಂದದ್ದು. ಮರ್ಯಾದೆ ಇದ್ದ ಮನೆಯ ಹೆಂಗಸು ಅದರಲ್ಲಿ ಕಾಲಿಡುವುದಿಲ್ಲ. ಸೊಸೆಗೂ ಕೇಳಿಸುವಂತೆ ಹೇಳಿದೆ." ಕೆಳಗೆ ಗೆರೆ ಕೂಡ ಎಳೆದಿದ್ದೇನೆ.

ಮಾರ್ಚ್ 16, ಭಾನುವಾರ

ಬಸದಿಗೆ ಹೋಗಲಿಲ್ಲ.

ಮಾರ್ಚ್ 17, ಸೋಮವಾರ

ಸೊಸೆ ಪ್ರಾಜಕ್ತಾ ಹೇಳಿದ್ದು ನಿಜವೇ ಎಂದು ಬೆಳಿಗ್ಗೆ ಮತ್ತೊಮ್ಮೆ ಯೋಚನೆ ಬಂತು. ಸುಳ್ಳು ಹೇಳಲು ಯಾರೂ ತಮ್ಮ ಮೇಲೆಯೇ ಅಂಥ ಮಾತು ಹೊರಿಸಿಕೊಳ್ಳುವುದಿಲ್ಲ. ಆದರೂ ಯೋಚನೆ ಬಂತು. ನನ್ನ ಹಣೆಬರಹ.

ಇಬ್ಬರೂ ಲಕ್ಷ್ಮಿಬಾಯಿಯ ಮನೆಗೆ ಹೋದೆವು. ತನಿಖೆಯ ದಿನ ಹೆಂಗಸರು ಬಂದು ನಿಲ್ಲಬೇಕು, ನನಗೆ ಹೆಸರು ಕೊಡು, ಮನೆಮನೆಗೆ ಹೋಗಿ ಹೇಳುತ್ತೇನೆ ಎಂದೆ.

"ಹೆಸರ ನಿಮ್ಮ ಕೈಯಾಗ ಕೊಡಲೇನ್ರಿ?" ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಮ್ಯಾಲ ನನಗ ಸಂಶೇ ಐತಿ."

ಸಿಟ್ಟು ಬರಬೇಕಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಒಳಗೇ ಬಿಡುತ್ತಿರಲಿಲ್ಲ. ಕೊನೆಗೆ ಪ್ರಾಜಕ್ತಾ, "ನಾ ಹೇಳತೇನ್ರಿ ಬಾಯಿ, ಅತ್ತಿ ಹೊರಗ ನಿಂದರ್ತಾರ," ಎಂದಳು. ಮಧ್ಯಾಹ್ನವೆಲ್ಲ ಅದೇ ಕೆಲಸ, ನಾಳೆಯೂ ಅದೇ. ಅವಳು ಒಳಗೆ, ನಾನು ರಸ್ತೆಯಲ್ಲಿ. ಯಾವ ಮನೆಯೆಂದು ನೋಡಬಾರದೆಂದು ಬೆನ್ನು ತಿರುಗಿಸಿ ನಿಂತಿದ್ದೆ.

ಮಾರ್ಚ್ 20, ಗುರುವಾರ

ತನಿಖೆ ನಡೆಯಿತು. ನಡೆದಂತೆಯೇ ಬರೆಯುತ್ತೇನೆ.

ವಿರುಪಾಕ್ಷಪ್ಪ ಹತ್ತೂವರೆಗೆ ಬಂದರು. ಸಣ್ಣ ದನಿಯ ಮನುಷ್ಯ. ಕೊಟ್ಟ ಎಳನೀರನ್ನು ಕುಡಿಯಲಿಲ್ಲ, ಅದು ನನಗೆ ಹಿಡಿಸಿತು. ಗುತ್ತಿಗೆದಾರ ಬಾಬಾಸಾಹೇಬ ಬಿಳಿ ಅಂಗಿ ಹಾಕಿ ಮೊದಲೇ ಬಂದು ನಿಂತಿದ್ದ. ನನ್ನನ್ನು ಕಂಡವನೇ ಕೈ ಮುಗಿದ.

"ನಿಮ್ಮಂಥಾವ್ರು ಬೇಕ್ರಿ ಊರಿಗೆ. ನೋಡ್ರಿ ಸಾಹೇಬ್ರ, ಪುಸ್ತಕದಾಗ ಸುಳ್ಳ ಹೆಸರ ಬರದಾಕಿ ಆಕಿ. ಪಂಪ ನಾ ಎರಡೂ ಕೊಟ್ಟೇನ್ರಿ, ಕೀಲಿ ಆಕೀ ಕಡೇನ ಇರತಿತ್ತು. ಒಂದ ಎಲ್ಲಿ ಹೋತು, ಆಕೀನ್ನ ಕೇಳ್ರಿ."

ಆಗ ತಿಳಿಯಿತು. ನನ್ನ ದೂರಿನ ಎರಡನೇ ಅಂಶವನ್ನೇ ಹಿಡಿದು ಅವನು ಮೊದಲ ಅಂಶದಿಂದ ಪಾರಾಗಲು ಹೊರಟಿದ್ದ. ಲಕ್ಷ್ಮಿಬಾಯಿ ಗೋಡೆಗೆ ಒರಗಿ ನಿಂತಿದ್ದಳು.

ಹನ್ನೊಂದಕ್ಕೆ ಹೆಂಗಸರು ಬರಬೇಕಿತ್ತು. ಹನ್ನೊಂದೂಕಾಲಾಯಿತು. ಹನ್ನೊಂದೂವರೆ. ಪ್ರಾಜಕ್ತಾ ಮೈದಾನದ ಕಡೆಗೆ ನೋಡುತ್ತಲೇ ಇದ್ದಳು. ಇಪ್ಪತ್ಮೂರರಲ್ಲಿ ಅವಳನ್ನು ಬಿಟ್ಟು ಬಂದವರು ಆರು ಜನ. ಒಬ್ಬಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಒಬ್ಬಳ ಹಿಂದೆ ಅವಳ ಗಂಡನೂ ಬಂದಿದ್ದ. ಬೈಯಲು ಬಂದನೋ ಕಾಯಲು ಬಂದನೋ ಗೊತ್ತಾಗಲಿಲ್ಲ.

"ಹೆಸರ ಹೇಳ್ರಿ," ಎಂದರು ಅಧಿಕಾರಿ.

ಪ್ರಾಜಕ್ತಾ ಮುಂದೆ ಬಂದಳು. "ಪ್ರಾಜಕ್ತಾ ರೀ. ಅಭಿನಂದನ ಅವ್ರ ಹೆಂಡ್ತಿ. ದೂರು ಕೊಟ್ಟಾರಲ್ರಿ, ಅವ್ರ ಸೊಸಿ. ನವೆಂಬರದಿಂದ ಬರಾಕತ್ತೇನಿ. ಪುಸ್ತಕದಾಗ ವೇದಗಂಗಾ ಅಂತ ಐತಿ ನೋಡ್ರಿ." ಪುಸ್ತಕದಲ್ಲಿ ಆ ಹೆಸರಿನ ಎದುರು ತನ್ನ ಹೆಸರು ಬರೆದು ಸಹಿ ಮಾಡಿದಳು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಇಬ್ಬರು ಹೆಬ್ಬೆಟ್ಟು ಒತ್ತಿದರು.

ವಿರುಪಾಕ್ಷಪ್ಪ ನನ್ನ ಕಡೆ ತಿರುಗಿದರು. "ಮೇಡಮ್ಮಾರ, ಹೆಂಗಸರು ಬರೂದ ಇಲ್ಲ ಅಂತ ಬರದೀರಿ. ಖರೇ ಏನ್ರಿ ಇದು?"

"ಸುಳ್ಳ ರೀ. ನೋಡದ ಬರದೇನಿ. ಪಂಪಿಂದ ಖರೇ ಐತಿ. ಅದು ನೋಡಿ ಬರದದ್ದು. ಕೀಲಿ ಯಾರ ಕಡೆ ಇತ್ತು ಅನ್ನೂ ಮಾತ ಬ್ಯಾಡ್ರಿ. ಆ ಎರಡನೇ ಕಟ್ಟಿ ಮ್ಯಾಲ ಒಂದ ಬೋಲ್ಟ ಕೂಡಿಸಿದ ಗುರುತಿಲ್ಲ. ಅಲ್ಲಿ ಪಂಪ ಇದ್ದದ್ದ ಇಲ್ಲ."

ಅವರು ಕೋಣೆಗೆ ಹೋಗಿ ಕಟ್ಟೆಯ ಮೇಲೆ ಕೈಯಾಡಿಸಿ ನೋಡಿದರು. ಬಾಬಾಸಾಹೇಬ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ನನ್ನ ದೂರಿನ ಎರಡನೇ ಅಂಶಕ್ಕೆ ನಾನೇ ಗೆರೆ ಎಳೆದು ಸಹಿ ಮಾಡಿದೆ. ಬೇರೆಯವರ ಬಿಲ್ಲಿನ ಮೇಲೆ ಸಾವಿರ ಸಲ ಎಳೆದಿದ್ದೇನೆ. ಎಂದೂ ಕೈ ಇಷ್ಟು ಭಾರವಾಗಿರಲಿಲ್ಲ.

ಕೊನೆಗೆ ಅವರು ವರದಿ ಬರೆಯುತ್ತ, "ಹಾಜರಿದ್ದ ಹೆಂಗಸರು ಎಂಟು ಅಂತ ಬರೀಲೇನ್ರಿ? ನಿಮ್ಮನ್ನ ಹಿಡದು?" ಎಂದರು. ಎಂಟಕ್ಕಿಂತ ಕಡಿಮೆಯಿದ್ದರೆ ತೊಂದರೆಯೋ ಏನೋ. ಎಲ್ಲರೂ ನನ್ನನ್ನೇ ನೋಡಿದರು.

"ಏಳು ಬರೀರಿ. ನಾ ಇನ್ನೂ ಇಳದಿಲ್ಲ."

ಲಕ್ಷ್ಮಿಬಾಯಿ ಮೊದಲ ಸಲ ನಕ್ಕಳು. ಯಾಕೆಂದು ತಿಳಿಯಲಿಲ್ಲ.

ಮಾರ್ಚ್ 28, ಶುಕ್ರವಾರ

ಕಂತು ಬಂತು. ಪೂರ್ತಿ ಅಲ್ಲ: ಪಂಪಿಗೆ ಮತ್ತು ಕಲಿಸುವವಳ ಗೌರವಧನಕ್ಕೆ ಮಾತ್ರ. ಆರು ತಿಂಗಳ ಮೇಲೆ ಮತ್ತೆ ನೋಡುತ್ತಾರಂತೆ. ಬಾಬಾಸಾಹೇಬನಿಗೆ ನೋಟಿಸು ಹೋಗಿದೆ. ನೋಟಿಸಿನಿಂದ ಏನಾಗುತ್ತದೆಂದು ನನಗೆ ಗೊತ್ತು; ಅದರ ಬೆನ್ನು ಬಿಡುವುದಿಲ್ಲ.

ಹೆಸರು ಹೇಳಿದ ಏಳು ಜನರಲ್ಲಿ ಒಬ್ಬಳನ್ನು ತವರಿಗೆ ಕಳಿಸಿದ್ದಾರೆಂದು ಪ್ರಾಜಕ್ತಾ ಹೇಳಿದಳು. ಸೆರಗು ಮುಚ್ಚಿಕೊಂಡಿದ್ದವಳು. ದೂರಿನ ಆ ಎರಡನೇ ಅಂಶವನ್ನು ನಾನು ಬರೆಯದೆ ಇದ್ದಿದ್ದರೆ? ತವರು ರಾಯಬಾಗದ ಕಡೆಯಂತೆ. ನಾಳೆ ಅವಳ ಅತ್ತೆಯ ಮನೆಗೆ ಹೋಗುತ್ತೇನೆ. ಅತ್ತೆಯೊಡನೆ ಅತ್ತೆಯೇ ಮಾತಾಡಬೇಕು.

ಏಪ್ರಿಲ್ 20, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಪ್ರಾಜಕ್ತಾಳ ತವರಿಗೆ ಬಂದು ಎರಡು ದಿನವಾಯಿತು. ತೃಪ್ತಿಯೂ ಬಂದಿದ್ದಾಳೆ. ನಿತಿನ ಹೋದಮೇಲೆ ಬೀಗರಾದ ಭೀಮಗೊಂಡ ಅವರು ಹೊಂಡದ ಹತ್ತಿರ ಹೋಗಿಲ್ಲ, ಆಳುಗಳೇ ನೋಡಿಕೊಳ್ಳುತ್ತಾರೆ. ಅದಕ್ಕೆ ಬೇಲಿ ಹಾಕಿಸಿ, ನಾಲ್ಕೂ ಬದಿಗೆ ಹಗ್ಗದ ಏಣಿ ಇಳಿಬಿಡಬೇಕೆಂದು ಪ್ರಾಜಕ್ತಾ ಹಟ ಹಿಡಿದಳು. ನಿನ್ನೆ ಕಟ್ಟಿದರು. ಇವತ್ತು ಅವಳು ಆ ಕಪ್ಪು ಅಂಗಿ ಹಾಕಿಕೊಂಡು ಬಂದಳು.

"ಕಟ್ಟಿದ್ರ ಆತೇನ್ರಿ? ಇಳದವರಿಗೆ ಹತ್ತಾಕ ಬರತೈತೋ ಇಲ್ಲೋ ನೋಡಬೇಕಲ್ಲ."

ಭೀಮಗೊಂಡ ಅವರು, "ಬ್ಯಾಡವ್ವಾ, ನಿನ್ನ ಕಾಲಿಗೆ ಬೀಳತೇನಿ," ಎಂದರು. ಅವಳು ನನ್ನನ್ನು ನೋಡಿದಳು. ನನಗೆ ಯಾವ ಏಣಿಯ ಮೇಲೂ ನಂಬಿಕೆ ಬರಲಿಲ್ಲ. ಒಂದು ಉದ್ದ ಹಗ್ಗ ತರಿಸಿ ಅವಳ ಸೊಂಟಕ್ಕೆ ನಾನೇ ಕಟ್ಟಿದೆ. ಗಂಟನ್ನು ನಾಲ್ಕು ಸಲ ಎಳೆದು ನೋಡಿದೆ. ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಸುತ್ತಲು ಆಳು ಬಂದ. ಕೊಡಲಿಲ್ಲ.

ಅವಳು ಜಾರುತ್ತಲೇ ಇಳಿದಳು. ನೀರು ಹಸಿರಾಗಿತ್ತು. ನಡುವಿನವರೆಗೆ ಈಜಿ ಹೋದಳು, ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ತೇಲಿದಳು. ಏನು ಯೋಚಿಸಿದಳೋ ನಾನು ಕೇಳಿಲ್ಲ. ಆಮೇಲೆ ಒಂದೊಂದೇ ಬದಿಗೆ ಹೋಗಿ ಏಣಿ ಹತ್ತಿ ಬಂದಳು. ಮೂರು ಏಣಿ ಗಟ್ಟಿಯಿದ್ದವು. ನಾಲ್ಕನೆಯದರ ಮೇಲಿನ ಗಂಟು ಕಿತ್ತು, ಅವಳು ಬೆನ್ನ ಮೇಲೆ ಹಿಂದಕ್ಕೆ ಜಾರಿದಳು. ಹಗ್ಗ ನನ್ನ ಅಂಗೈಯಲ್ಲಿ ಸರ್ರನೆ ಓಡಿತು. ಓಡಿ, ನಿಂತಿತು.

ಈಗ ಬಲಗೈಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದಾಳೆ. ಚರ್ಮ ಬರುವವರೆಗೆ ನಾನು ಕೊಳಕ್ಕಿಳಿಯಬಾರದಂತೆ. ಎಷ್ಟು ದಿನ ಎಂದು ಕೇಳಿದೆ. ಹತ್ತು ದಿನವಾದರೂ ಬೇಕೆಂದಳು.

ಹತ್ತು ದಿನ ಅಂದರೆ ಮೇ ತಿಂಗಳಾಗುತ್ತದೆ.